ಅಡಿಕೆ ತೋಟದ ಪಂಪು, ಹೊಳೆಯ ಮೀನು: ನೀರೆಳೆಯುವ ಬಾಯಿಯನ್ನು ಮೀನಿಗೆ ಹಿಂಸೆಯಾಗದಂತೆ ಕಟ್ಟುವ ಸಮಗ್ರ ಮಾರ್ಗದರ್ಶಿ

ಕಾಸರಗೋಡಿನ ಹೊಳೆಬದಿಯ ತೋಟಗಳಲ್ಲಿ ಡಿಸೆಂಬರ್ ಬಂತೆಂದರೆ ಎರಡು ಕೆಲಸಗಳು ಜೊತೆಜೊತೆಗೆ ನಡೆಯುತ್ತವೆ. ತೋಡಿಗೂ ಹೊಳೆಗೂ ಕಟ್ಟ (ನೀರು ನಿಲ್ಲಿಸುವ ತಾತ್ಕಾಲಿಕ ಒಡ್ಡು) ಹಾಕುವುದು ಒಂದು, ಮಳೆಗಾಲಕ್ಕೆ ಮುಂಚೆ ಮೇಲೆತ್ತಿಟ್ಟಿದ್ದ ಪಂಪಿನ ಪೈಪನ್ನು ಮತ್ತೆ ನೀರಿಗಿಳಿಸುವುದು ಇನ್ನೊಂದು. ಪೈಪಿನ ತುದಿಯಲ್ಲಿ, ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ಫುಟ್‌ವಾಲ್ವಿಗೆ ಹಳೆಯ ಸೊಳ್ಳೆಪರದೆಯ ತುಂಡೊಂದನ್ನು ಸುತ್ತಿ ಕಟ್ಟಿದರೆ ಕಸವೂ ಬರುವುದಿಲ್ಲ, ಮೀನಿನ ಮರಿಗಳೂ ಪೈಪಿನೊಳಗೆ ಹೋಗುವುದಿಲ್ಲ ಎಂದು ನಂಬಿದವರು ಬಹಳ ಮಂದಿ. ಒಳಗೆ ಹೋಗುವುದಿಲ್ಲವೆಂಬುದು ನಿಜ. ಆದರೆ ಅವು ಪರದೆಗೆ ಅಂಟಿಕೊಂಡು ಸಾಯುತ್ತವೆ. ಕಸದ ಜೊತೆಗೇ ಸಿಕ್ಕಿಕೊಂಡಿರುವುದರಿಂದ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

ಈ ಬರಹದುದ್ದಕ್ಕೂ ನಾನು ಒತ್ತಿ ಹೇಳುವುದು ಒಂದೇ ಮಾತು. ಜಾಲರಿಯ ಕಣ್ಣು ಎಷ್ಟು ಸಣ್ಣದು ಎನ್ನುವುದಕ್ಕಿಂತ ಜಾಲರಿಯ ಮೈ ಎಷ್ಟು ದೊಡ್ಡದು ಎನ್ನುವುದು ಮೀನಿಗೆ ಹೆಚ್ಚು ಮುಖ್ಯ. ಮೈ ದೊಡ್ಡದಾದಷ್ಟೂ ಅದರ ಬಳಿ ನೀರಿನ ಸೆಳೆತ ಕಡಿಮೆ. ಸೆಳೆತ ಕಡಿಮೆಯಿದ್ದರೆ ಮರಿಯೂ ಈಜಿ ಪಾರಾಗುತ್ತದೆ. ಇದಕ್ಕೆ ದೊಡ್ಡ ಖರ್ಚೇನೂ ಬೇಕಿಲ್ಲ, ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ದಿನದೊಳಗೆ ಮುಗಿಯುವ ಕೆಲಸವಿದು.

ಮೀನಿಗೆ ಆಗುವುದೇನು?

ಮೊದಲು ಇದನ್ನು ತಿಳಿದುಕೊಳ್ಳಬೇಕು. ಇಲ್ಲದಿದ್ದರೆ ಮುಂದಿನ ಅಳತೆಗಳೆಲ್ಲ ಬರೀ ಅಂಕಿಗಳಾಗಿ ಉಳಿದುಬಿಡುತ್ತವೆ.

ಮೀನಿನ ಮೈಯ ಎರಡೂ ಪಕ್ಕಗಳಲ್ಲಿ ತಲೆಯಿಂದ ಬಾಲದವರೆಗೆ ಒಂದು ಗೆರೆಯಿರುತ್ತದೆ. ಸುತ್ತಲಿನ ನೀರಿನ ಚಲನೆಯನ್ನು ಮೀನು ಆ ಗೆರೆಯ ಮೂಲಕ ಗ್ರಹಿಸುತ್ತದೆ. ಪಂಪಿನ ಸೆಳೆತ ಮೈಗೆ ತಾಗಿದೊಡನೆ ತಲೆಯನ್ನು ಪ್ರವಾಹಕ್ಕೆ ಎದುರಾಗಿ ತಿರುಗಿಸಿ ಈಜತೊಡಗುತ್ತದೆ. ಸೆಳೆತ ಮೆಲುವಾಗಿದ್ದರೆ ಹೆಚ್ಚು ಶ್ರಮವಿಲ್ಲದೆ ದೂರ ಸರಿಯುತ್ತದೆ. ಜೋರಾಗಿದ್ದರೆ ಬಿಳಿ ಸ್ನಾಯುಗಳ ಬಲವನ್ನೆಲ್ಲ ಹಾಕಿ ಚಿಮ್ಮಬೇಕಾಗುತ್ತದೆ. ಆ ಬಲ ಕೆಲವು ಕ್ಷಣಗಳಿಗೆ ಮಾತ್ರ ಸಾಕಾಗುವಂಥದ್ದು. ಅಷ್ಟರಲ್ಲಿ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ಸೇರಿ ದೇಹ ಸೋಲುತ್ತದೆ. ಹೇಗೋ ತಪ್ಪಿಸಿಕೊಂಡ ಮೀನೂ ಚೇತರಿಸಿಕೊಳ್ಳಲು ಗಂಟೆಗಟ್ಟಲೆ ಬೇಕು. ರಕ್ತದಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ನಿಮಿಷಗಳೊಳಗೆ ಏರುತ್ತದೆ, ಸಕ್ಕರೆಯ ಅಂಶವೂ ಏರುತ್ತದೆ, ಮೇವಿನ ಕಡೆಗೆ ಗಮನ ಹರಿಯುವುದಿಲ್ಲ. ಇದೇ ಕಷ್ಟ ದಿನವೂ ಮರುಕಳಿಸಿದರೆ ರೋಗ ತಡೆಯುವ ಶಕ್ತಿ ಕುಗ್ಗುತ್ತದೆ, ಬೆಳವಣಿಗೆ ಕುಂಠಿತವಾಗುತ್ತದೆ, ಮೊಟ್ಟೆ ಕಟ್ಟುವುದೂ ಕಡಿಮೆಯಾಗುತ್ತದೆ. ನಾವು ದಿನವೂ ಪಂಪು ಹಾಕುವವರು ಎಂಬುದನ್ನು ಮರೆಯಬಾರದು.

ತಪ್ಪಿಸಿಕೊಳ್ಳಲಾಗದ ಮೀನು ಜಾಲರಿಗೆ ಅಂಟುತ್ತದೆ. ಅಂಥ ಮೀನೊಂದನ್ನು ಒದ್ದೆ ಅಂಗೈಯಲ್ಲಿಟ್ಟು ಬೆಳಕಿಗೆ ಹಿಡಿದು ನೋಡಿ. ಜಾಲರಿಗೆ ತಾಗಿದ್ದ ಪಕ್ಕದಲ್ಲಿ ಹುರುಪೆಗಳು ಸಾಲಾಗಿ ಕಿತ್ತುಹೋಗಿ ಚೌಕುಳಿಯ ಗುರುತು ಮೂಡಿರುತ್ತದೆ. ಆ ಜಾಗದ ಲೋಳೆ ಒರೆಸಿದಂತೆ ಮಾಯವಾಗಿರುತ್ತದೆ, ರೆಕ್ಕೆಯ ಅಂಚು ಹರಿದಿರುತ್ತದೆ, ಕಿವಿರಿನ ಮುಚ್ಚಳ ಒತ್ತಿಕೊಂಡಿರುತ್ತದೆ. ಕಿವಿರು ಬಡಿಯಲು ಜಾಗವಿಲ್ಲದೆ ನೀರಿನೊಳಗಿದ್ದೂ ಮೀನು ಉಸಿರುಕಟ್ಟಿ ಸಾಯಬಹುದು. ಪಂಪು ನಿಲ್ಲಿಸಿದಾಗ ಜಾರಿ ಈಜಿಕೊಂಡು ಹೋದ ಮೀನು ಬದುಕಿತೆಂದು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ಆದರೆ ಲೋಳೆ ಮತ್ತು ಹುರುಪೆ ಮೀನಿನ ಮೈಯೊಳಗಿನ ಉಪ್ಪು ಹೊರಹೋಗದಂತೆ, ಹೊರಗಿನ ನೀರು ಒಳನುಗ್ಗದಂತೆ ಕಾಯುವ ಬೇಲಿ. ಬೇಲಿ ಮುರಿದ ಜಾಗದಲ್ಲಿ ಕೆಲವೇ ದಿನಗಳಲ್ಲಿ ಹತ್ತಿಯ ಎಳೆಗಳಂತೆ ಬಿಳಿ ಬೂಷ್ಟು ಹಿಡಿಯುತ್ತದೆ. ಆ ಸಾವು ಪಂಪಿನಿಂದ ದೂರದಲ್ಲೆಲ್ಲೋ ಆಗುವುದರಿಂದ ಪಂಪಿನ ಲೆಕ್ಕಕ್ಕೆ ಸೇರುವುದೇ ಇಲ್ಲ.

ಜಾಲರಿಯೇ ಇಲ್ಲದಿದ್ದರೆ ಅಥವಾ ಕಣ್ಣು ದೊಡ್ಡದಾಗಿದ್ದರೆ ಮರಿ ಪೈಪಿನೊಳಗೆ ಹೋಗುತ್ತದೆ. ಪಂಪು ನೀರಿನ ಮಟ್ಟಕ್ಕಿಂತ ಆರು ಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಳ್ಳಿ. ಪಂಪಿನ ಬಾಯಿ ತಲುಪುವಷ್ಟರಲ್ಲಿ ಪೈಪಿನೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡದ ಅರ್ಧಕ್ಕಿಂತಲೂ ಕೆಳಗಿಳಿದಿರುತ್ತದೆ. ಮೀನಿನ ಹೊಟ್ಟೆಯಲ್ಲಿರುವ ಗಾಳಿಚೀಲ ಎರಡು ಪಟ್ಟಿಗಿಂತ ಹೆಚ್ಚು ಹಿಗ್ಗಲು ನೋಡುತ್ತದೆ. ಮರುಕ್ಷಣವೇ, ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರವಾದ ಇಂಪೆಲ್ಲರ್ ದಾಟಿದೊಡನೆ ಒತ್ತಡ ಹಲವು ಪಟ್ಟು ಏರುತ್ತದೆ. ಇಂಪೆಲ್ಲರಿನ ಅಲಗಿನಿಂದ ಪಾರಾದರೂ ಈ ಹಿಗ್ಗು ಕುಗ್ಗುಗಳಿಂದ ಪಾರಾಗುವುದು ಕಷ್ಟ. ಪಾರಾದದ್ದು ಸ್ಪ್ರಿಂಕ್ಲರಿನ ಬಾಯಲ್ಲಿ ಸಿಕ್ಕಿಕೊಳ್ಳುತ್ತದೆ ಅಥವಾ ಅಡಿಕೆ ಮರದ ಬುಡಕ್ಕೆ ಬೀಳುತ್ತದೆ.

ಇನ್ನು ಮೂರನೆಯ ಹಿಂಸೆ ಸೆಳೆತದ್ದಲ್ಲ, ನೀರೇ ಕಡಿಮೆಯಾಗುವುದರದ್ದು. ಅದನ್ನು ಮುಂದೆ ವಿವರಿಸುತ್ತೇನೆ.

ಹೆಜ್ಜೆ 1: ಪಂಪು ಎಷ್ಟು ನೀರು ಎಳೆಯುತ್ತದೆ ಎಂದು ಅಳೆಯಿರಿ

ಪಂಪಿನ ಮೇಲಿನ ತಗಡಿನ ಪಟ್ಟಿಯಲ್ಲಿ ಬರೆದಿರುವ ಅಂಕಿಯನ್ನು ನಂಬಿ ಕೂರಬೇಡಿ. 200 ಲೀಟರಿನ ಡ್ರಮ್ಮೊಂದನ್ನು ಪಂಪಿನ ಹತ್ತಿರವೇ ಇಟ್ಟು ಡೆಲಿವರಿ ಪೈಪನ್ನು ಅದಕ್ಕೆ ಬಿಡಿ. ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ತುಂಬಲು ಎಷ್ಟು ಸೆಕೆಂಡು ಬೇಕಾಯಿತೆಂದು ನೋಡಿ. ತೋಟದ ಮೇಲ್ತುದಿಗೆ ನೀರು ಹೋಗುವಾಗ ಪ್ರಮಾಣ ಇದಕ್ಕಿಂತ ಕಡಿಮೆಯೇ ಇರುತ್ತದೆ. ಆದರೆ ನಮಗೆ ಬೇಕಾದದ್ದು ಅತಿ ಹೆಚ್ಚು ಸೆಳೆತದ ಲೆಕ್ಕ. ಹಾಗಾಗಿ ಡೆಲಿವರಿ ಪೂರ್ತಿ ತೆರೆದಿರುವಾಗಿನ ಅಳತೆಯನ್ನೇ ಹಿಡಿಯಿರಿ.

200 ಲೀಟರ್ ತುಂಬಲು 25 ಸೆಕೆಂಡು ಬೇಕಾದರೆ ಸೆಕೆಂಡಿಗೆ 8 ಲೀಟರ್ ಎಂದಾಯಿತು. ಇಲ್ಲಿಂದ ಮುಂದೆ ಇದೇ ಉದಾಹರಣೆಯನ್ನು ಬಳಸುತ್ತೇನೆ, ನಿಮ್ಮ ಅಳತೆ ಬೇರೆಯಾದರೆ ಅದನ್ನು ಹಾಕಿಕೊಳ್ಳಿ.

ಹೆಜ್ಜೆ 2: ಈಗಿರುವ ಸೆಳೆತ ಎಷ್ಟೆಂದು ಲೆಕ್ಕ ಹಾಕಿ

ಲೆಕ್ಕ ಸುಲಭ. ಸೆಕೆಂಡಿಗೆ ಎಷ್ಟು ಲೀಟರ್ ಎಂಬುದನ್ನು 1000ದಿಂದ ಗುಣಿಸಿ, ನೀರು ಒಳನುಗ್ಗುವ ಜಾಗದ ವಿಸ್ತೀರ್ಣದಿಂದ (ಚದರ ಸೆಂಟಿಮೀಟರ್‌ಗಳಲ್ಲಿ) ಭಾಗಿಸಿದರೆ ಸೆಳೆತದ ವೇಗ ಸೆಕೆಂಡಿಗೆ ಎಷ್ಟು ಸೆಂಟಿಮೀಟರ್ ಎಂಬುದು ಸಿಗುತ್ತದೆ.

ಎರಡೂವರೆ ಇಂಚಿನ ಪೈಪಿನ ಬಾಯಿ ಸುಮಾರು 32 ಚದರ ಸೆಂ.ಮೀ. ಫುಟ್‌ವಾಲ್ವಿನ ತೂತುಗಳನ್ನೆಲ್ಲ ಸೇರಿಸಿದರೆ ಅದರ ಮೂರು ಪಟ್ಟು, ಅಂದರೆ 96 ಚದರ ಸೆಂ.ಮೀ. ಎಂದೇ ಇಟ್ಟುಕೊಳ್ಳೋಣ. 8000ವನ್ನು 96ರಿಂದ ಭಾಗಿಸಿದರೆ ಸುಮಾರು 83. ಅಂದರೆ ಆ ತೂತುಗಳಲ್ಲಿ ನೀರು ಸೆಕೆಂಡಿಗೆ 83 ಸೆಂ.ಮೀ. ವೇಗದಲ್ಲಿ ನುಗ್ಗುತ್ತಿದೆ. ಮೂರು ಸೆಂ.ಮೀ. ಉದ್ದದ ಮರಿಯೊಂದು ತನ್ನ ಮೈಯ ಐದಾರು ಪಟ್ಟು ದೂರವನ್ನು ಒಂದು ಸೆಕೆಂಡಿನಲ್ಲಿ ಈಜಿದರೂ ಅದು ಹದಿನೈದು, ಹದಿನೆಂಟು ಸೆಂ.ಮೀ. ಆಗುತ್ತದೆಯಷ್ಟೇ. ಈ ಓಟದಲ್ಲಿ ಮರಿಗೆ ಗೆಲುವಿಲ್ಲ. ಮೇಲಿಂದ ಸೊಳ್ಳೆಪರದೆ ಬಿಗಿದರೆ ತೆರೆದ ಜಾಗ ಇನ್ನೂ ಕಿರಿದಾಗುತ್ತದೆ, ಸೆಳೆತ ಇನ್ನೂ ಹೆಚ್ಚುತ್ತದೆ.

ಹಾಗಾದರೆ ಎಷ್ಟಿರಬೇಕು? ಅಮೆರಿಕದ ವಿದ್ಯುತ್ ಸ್ಥಾವರಗಳು ನೀರೆಳೆಯುವ ಬಾಯಿಗಳಿಗಾಗಿ 2014ರಲ್ಲಿ ಬಂದ ನಿಯಮದಲ್ಲಿ ಒಪ್ಪಿತವಾದ ದಾರಿಗಳಲ್ಲೊಂದು, ಜಾಲರಿಯ ಮೂಲಕ ಹಾಯುವ ವೇಗವನ್ನು ಸೆಕೆಂಡಿಗೆ ಅರ್ಧ ಅಡಿಯೊಳಗೆ, ಅಂದರೆ ಸುಮಾರು 15 ಸೆಂ.ಮೀ.ಯೊಳಗೆ ಇಡುವುದು. ಅಲ್ಲಿನ ಪಶ್ಚಿಮ ಕರಾವಳಿಯಲ್ಲಿ ಸಾಲ್ಮನ್ ಮರಿಗಳಿಗಾಗಿ ಇರುವ ಮಾನದಂಡ ಇನ್ನೂ ಕಟ್ಟುನಿಟ್ಟು. ತನ್ನಷ್ಟಕ್ಕೆ ತೊಳೆದುಕೊಳ್ಳುವ ಜಾಲರಿಗೆ ಸುಮಾರು 12 ಸೆಂ.ಮೀ., ಕೈಯಿಂದ ತೊಳೆಯಬೇಕಾದ ಸಾದಾ ಜಾಲರಿಗೆ ಸುಮಾರು 6 ಸೆಂ.ಮೀ. ನಮ್ಮದೆಲ್ಲ ಕೈಯಿಂದಲೇ ತೊಳೆಯುವ ಜಾಲರಿ. ಸಾಲ್ಮನ್ ನಮ್ಮ ಹೊಳೆಯ ಮೀನಲ್ಲ, ಆದರೆ ನಮ್ಮ ಹೊಳೆಗಳಲ್ಲಿ ಬೆಳೆದರೂ ಬೆರಳುದ್ದ ದಾಟದ ಮೀನುಗಳೇ ಬಹಳ ಇರುವುದರಿಂದ ಸಡಿಲ ಬಿಡಲು ಕಾರಣವಿಲ್ಲ. ಸೆಕೆಂಡಿಗೆ 5 ಸೆಂ.ಮೀ. ಎಂಬ ಗುರಿ ಇಟ್ಟುಕೊಳ್ಳೋಣ.

8000ವನ್ನು 5ರಿಂದ ಭಾಗಿಸಿದರೆ 1600 ಚದರ ಸೆಂ.ಮೀ. ಜಾಲರಿ ಅರ್ಧದಷ್ಟು ಕಸ ಹಿಡಿದಾಗಲೂ ಗುರಿ ತಪ್ಪಬಾರದಾದ್ದರಿಂದ ಅದನ್ನು ಇಮ್ಮಡಿ ಮಾಡಿ 3200 ಎಂದುಕೊಳ್ಳಿ. 30 ಸೆಂ.ಮೀ. ಅಡ್ಡಳತೆ, 45 ಸೆಂ.ಮೀ. ಉದ್ದದ ಒಂದು ಜಾಲರಿ ಡಬ್ಬಿಯ ಸುತ್ತಳತೆಯ ಮೈಯೊಂದೇ 4200 ಚದರ ಸೆಂ.ಮೀ. ದಾಟುತ್ತದೆ. ಇಷ್ಟೇ ಬೇಕಾದದ್ದು. 83ರ ಸೆಳೆತವನ್ನು 2ಕ್ಕೆ ಇಳಿಸಲು ಒಂದು ದೊಡ್ಡ ಡಬ್ಬಿ ಸಾಕು.

ಹೆಜ್ಜೆ 3: ಜಾಗ ಆರಿಸಿ

ಜಾಲರಿ ಎಷ್ಟೇ ಚೆನ್ನಾಗಿರಲಿ, ಮರಿಗಳು ಗುಂಪುಗೂಡುವ ಜಾಗದಲ್ಲೇ ಅದನ್ನಿಟ್ಟರೆ ಪ್ರಯೋಜನ ಅರ್ಧ. ದಡದ ಹುಲ್ಲು ನೀರಿಗೆ ಬಾಗಿರುವಲ್ಲಿ, ಮರದ ಬೇರುಗಳ ನಡುವೆ, ನೀರು ನಿಂತಂತಿರುವ ತೆಳು ಅಂಚಿನಲ್ಲಿ ಮರಿಗಳು ಹೆಚ್ಚು. ಕೊರವ ಮೀನಿನ ಮರಿಗಳು ತಾಯ್ತಂದೆಯರ ಕಾವಲಿನಲ್ಲಿ ಗುಂಪುಗುಂಪಾಗಿ ಮೇಲ್ಮೈಗೆ ಬಂದು ಹೋಗುವುದನ್ನು ಇಂಥ ಕಡೆಯೇ ಕಾಣುತ್ತೇವೆ. ಅಲ್ಲಿಂದ ಕೆಲವು ಮೀಟರ್ ಸರಿದು, ನೀರು ಸ್ವಲ್ಪವಾದರೂ ಹರಿಯುವಲ್ಲಿ ಪೈಪು ಇಳಿಸಿ.

ಡಬ್ಬಿಯನ್ನು ಹರಿವಿಗೆ ಅಡ್ಡಲಾಗಿ ಇಡಬಾರದು, ಹರಿವಿನ ದಿಕ್ಕಿಗೇ ಉದ್ದುದ್ದ ಮಲಗಿಸಬೇಕು. ಹಾಗಿಟ್ಟರೆ ಹೊಳೆಯ ಹರಿವೇ ಜಾಲರಿಯ ಮೈ ಸವರಿಕೊಂಡು ಹೋಗಿ ಮರಿಯನ್ನೂ ಕಸವನ್ನೂ ದಾಟಿಸಿಬಿಡುತ್ತದೆ. ಸವರಿಕೊಂಡು ಹೋಗುವ ವೇಗ ಒಳಸೆಳೆತಕ್ಕಿಂತ ಹೆಚ್ಚಿರಬೇಕು ಎಂಬುದು ಇಲ್ಲಿನ ನಿಯಮ. ಕಟ್ಟದ ಹಿಂದಿನ ನಿಂತ ನೀರಿನಲ್ಲಿ ಈ ಅನುಕೂಲ ಸಿಗುವುದಿಲ್ಲ. ಅಲ್ಲಿ ಡಬ್ಬಿಯ ಅಳತೆಯನ್ನು ಇನ್ನಷ್ಟು ಹಿಗ್ಗಿಸುವುದೇ ದಾರಿ.

ಡಬ್ಬಿಯ ಸುತ್ತ, ಮೇಲೂ ಕೆಳಗೂ, ಒಂದು ಗೇಣಿನಷ್ಟಾದರೂ ಬಿಡುವಿರಲಿ. ತಳಕ್ಕೆ ತಾಗಿಸಿದರೆ ಮರಳು ಎಳೆಯುವುದಲ್ಲದೆ, ತಳದಲ್ಲೇ ಬದುಕುವ ಮುಗುಡು, ಹಾವುಮೀನುಗಳಿಗೆ ನೇರ ಅಪಾಯ. ಮೇಲ್ಮೈಗೆ ತೀರ ಹತ್ತಿರವಾದರೆ ಸುಳಿ ಎದ್ದು ಗಾಳಿ ಎಳೆಯುತ್ತದೆ, ಪಂಪು ನೀರು ಬಿಡುತ್ತದೆ.

ಮರಳು ತುಂಬಿದ ದಡವಿರುವವರಿಗೆ ಇದಕ್ಕಿಂತ ಉತ್ತಮವಾದ ದಾರಿಯೊಂದಿದೆ, ನನ್ನ ಮೊದಲ ಸಲಹೆಯೂ ಅದೇ. ಹೊಳೆಯಿಂದ ಎರಡು ಮೂರು ಮೀಟರ್ ಒಳಗೆ ದಡದಲ್ಲಿ ಗುಂಡಿ ತೋಡಿ, ಸಿಮೆಂಟಿನ ರಿಂಗುಗಳನ್ನು ಇಳಿಸಿ ಸಣ್ಣ ಬಾವಿ ಮಾಡುವುದು. ಕೆಳಗಿನ ರಿಂಗುಗಳಿಗೆ ತೂತು ಬಿಟ್ಟು, ಸುತ್ತಲೂ ಜಲ್ಲಿ, ಅದರಾಚೆ ದಪ್ಪ ಮರಳು ತುಂಬಬೇಕು. ಹೊಳೆಯ ನೀರು ಮರಳಿನ ಮೂಲಕ ಒಸರಿ ಬರುತ್ತದೆ. ಮೀನಿಗೆ ಸೆಳೆತ ಎಂಬುದೇ ತಿಳಿಯುವುದಿಲ್ಲ, ಮೊಟ್ಟೆ ಕೂಡ ಸುರಕ್ಷಿತ. ಫುಟ್‌ವಾಲ್ವಿಗೆ ಕಸದ ಕಾಟವೂ ಇಲ್ಲ. ಆದರೆ ಕೆಂಪುಕಲ್ಲಿನ ಅಥವಾ ಜೇಡಿಮಣ್ಣಿನ ದಡದಲ್ಲಿ ಒಸರು ಸಾಲದು. ಮೊದಲು ಸೊಂಟದಾಳದ ಗುಂಡಿ ತೋಡಿ, ನೀರು ಖಾಲಿ ಮಾಡಿ, ಎಷ್ಟು ಹೊತ್ತಿಗೆ ಮತ್ತೆ ತುಂಬುತ್ತದೆ ಎಂದು ನೋಡಿದ ಮೇಲೆಯೇ ರಿಂಗಿಗೆ ಹಣ ಹಾಕಿ. ಹೊಳೆಯ ಪಾತ್ರದಲ್ಲಿ, ಪುರಂಬೋಕಿನಲ್ಲಿ (ಸರಕಾರಿ ನೆಲದಲ್ಲಿ) ತೋಡುವುದಾದರೆ ಪಂಚಾಯತಿನಲ್ಲಿ ವಿಚಾರಿಸಿಯೇ ಮುಂದುವರಿಯಿರಿ.

ಹೆಜ್ಜೆ 4: ಜಾಲರಿ ಡಬ್ಬಿ ಕಟ್ಟುವುದು

ಬೇಕಾಗುವ ವಸ್ತುಗಳು: 8 ಮಿ.ಮೀ. ಸರಳು, 2 ಮಿ.ಮೀ. ಕಣ್ಣಿನ ಸ್ಟೇನ್‌ಲೆಸ್ ಸ್ಟೀಲ್ ಜಾಲರಿ, ತಗಡಿನ ಒಂದು ವೃತ್ತ, ನಾಲ್ಕು ಬೋಲ್ಟು, ಸ್ಟೀಲ್ ತಂತಿ. ಜಾಲರಿ ಕೊಳ್ಳುವಾಗ ಅಂಗಡಿಯವರು ಕಣ್ಣಿನ ಅಳತೆಯನ್ನೂ ತಂತಿಯ ದಪ್ಪವನ್ನೂ ಬೆರೆಸಿ ಹೇಳುವುದುಂಟು. ಎರಡು ತಂತಿಗಳ ನಡುವಿನ ಖಾಲಿ ಜಾಗ 2 ಮಿ.ಮೀ. ಇರಬೇಕು. ತಂತಿ ತೆಳುವಾದಷ್ಟೂ ತೆರೆದ ಜಾಗ ಹೆಚ್ಚು. 2 ಮಿ.ಮೀ. ಕಣ್ಣಿಗೆ ಅರ್ಧ ಮಿ.ಮೀ.ಗಿಂತ ಸ್ವಲ್ಪ ದಪ್ಪದ ತಂತಿಯಿದ್ದರೆ ಮೈಯ ಅರ್ಧಕ್ಕಿಂತ ಹೆಚ್ಚು ಭಾಗ ತೆರೆದಿರುತ್ತದೆ. ಕಬ್ಬಿಣದ ಜಾಲರಿ ಅಗ್ಗವೆಂದು ತಂದರೆ ತುಕ್ಕು ಹಿಡಿದು ಮೈ ಒರಟಾಗಿ ಗರಗಸದಂತಾಗುತ್ತದೆ, ಅದಕ್ಕೆ ತಾಗಿದ ಮೀನಿಗೆ ಗಾಯ ಖಚಿತ. ಕೈಯಲ್ಲಿ ದುಡ್ಡಿದ್ದರೆ ಕೊಳವೆಬಾವಿಗೆ ಬಳಸುವ ವಿ ಆಕಾರದ ತಂತಿಯ ಸ್ಕ್ರೀನ್ ಪೈಪು ಎಲ್ಲಕ್ಕಿಂತ ಒಳ್ಳೆಯದು. ಅದರ ಹೊರಮೈ ನುಣುಪಾಗಿರುವುದರಿಂದ ಹುರುಪೆ ಕೀಳುವುದಿಲ್ಲ, ಕಸವೂ ಸುಲಭವಾಗಿ ಜಾರುತ್ತದೆ.

ಸರಳಿನಿಂದ 30 ಸೆಂ.ಮೀ. ಅಡ್ಡಳತೆಯ ಮೂರು ಬಳೆಗಳನ್ನು ಮಾಡಿಸಿ, ಆರು ಉದ್ದ ಸರಳುಗಳಿಂದ ಅವುಗಳನ್ನು ಜೋಡಿಸಿ ವೆಲ್ಡ್ ಮಾಡಿಸಿ. ಜಾಲರಿಯನ್ನು ಹೊರಗಿನಿಂದ ಸುತ್ತಿ. ಅಂಚುಗಳು ಒಂದರ ಮೇಲೊಂದು ನಾಲ್ಕು ಬೆರಳಿನಷ್ಟು ಬರಲಿ, ಚೂಪಾದ ತುದಿಗಳೆಲ್ಲ ಒಳಗೆ ಮಡಚಿರಲಿ. ಬೆರಳನ್ನು ಹೊರಮೈಯುದ್ದಕ್ಕೂ ಆಡಿಸಿ ನೋಡಿ, ಎಲ್ಲಿ ಚುಚ್ಚುತ್ತದೋ ಅಲ್ಲಿ ಸರಿಪಡಿಸಿ. ಒಂದು ತುದಿಯನ್ನು ಜಾಲರಿಯಿಂದಲೇ ಮುಚ್ಚಿ. ಇನ್ನೊಂದು ತುದಿಗೆ, ಪೈಪು ತೂರುವ ತೂತಿರುವ ತಗಡಿನ ಮುಚ್ಚಳ ಹಾಕಿ ಬೋಲ್ಟು ಬಿಗಿಯಿರಿ. ಪೈಪಿನ ಸುತ್ತ ಸಂದು ಉಳಿದರೆ ರಬ್ಬರ್ ಟ್ಯೂಬಿನ ತುಂಡಿನಿಂದ ಮುಚ್ಚಿ. ಎಲ್ಲ ಮಾಡಿಯೂ ಈ ಒಂದು ಸಂದನ್ನು ಮರೆತರೆ ಮರಿಗಳು ಅಲ್ಲಿಂದಲೇ ನುಗ್ಗಿ ಡಬ್ಬಿಯೊಳಗೆ ಬಂದಿಯಾಗುತ್ತವೆ.

ಖರ್ಚು ಇನ್ನೂ ತಗ್ಗಬೇಕೆಂದರೆ 50 ಲೀಟರಿನ ಪ್ಲಾಸ್ಟಿಕ್ ಡ್ರಮ್ಮಿನ ಮೈಯಲ್ಲಿ ದೊಡ್ಡ ಕಿಟಕಿಗಳನ್ನು ಕತ್ತರಿಸಿ, ಒಳಗಿನಿಂದ ಜಾಲರಿ ಹಾಕಿ ರಿವೆಟ್ ಹೊಡೆಯಬಹುದು. ಕಿಟಕಿಗಳ ಒಟ್ಟು ವಿಸ್ತೀರ್ಣ 3200 ಚದರ ಸೆಂ.ಮೀ. ತಲುಪಬೇಕು, ಕಣ್ಣಂದಾಜು ಬೇಡ. ಕೀಟನಾಶಕ ತುಂಬಿದ್ದ ಡ್ರಮ್ಮು ಎಷ್ಟು ತೊಳೆದರೂ ಈ ಕೆಲಸಕ್ಕೆ ಸಲ್ಲದು.

ಈಗ ಬಹಳ ಮಂದಿ ಬಿಟ್ಟುಬಿಡುವ ವಿಷಯ. ಡಬ್ಬಿ ದೊಡ್ಡದಾದ ಮಾತ್ರಕ್ಕೆ ಅದರ ಮೈಯೆಲ್ಲ ಸಮನಾಗಿ ನೀರು ಎಳೆಯುವುದಿಲ್ಲ. ಫುಟ್‌ವಾಲ್ವು ಎಲ್ಲಿದೆಯೋ ಅದರ ಎದುರಿನ ಜಾಲರಿಯಲ್ಲಿ ಸೆಳೆತ ಜೋರು, ದೂರದಲ್ಲಿ ಇಲ್ಲವೆಂಬಷ್ಟು ಕಡಿಮೆ. ಆದ್ದರಿಂದ ಫುಟ್‌ವಾಲ್ವನ್ನು ಡಬ್ಬಿಯ ಒಂದು ಮೂಲೆಗೆ ಒರಗಿಸದೆ ನಟ್ಟನಡುವೆ ನಿಲ್ಲಿಸಬೇಕು, ಯಾವ ಕಡೆಯ ಜಾಲರಿಯೂ ಅದಕ್ಕೆ ತಾಗಿರಬಾರದು. ಡಬ್ಬಿ ಉದ್ದವಾಗಿದ್ದರೆ ಒಳಗೆ ತೂತು ಕೊರೆದ ಅಗಲ ಪಿವಿಸಿ ಪೈಪೊಂದನ್ನು ತೋಳಿನಂತೆ ತೊಡಿಸಿ. ಆ ಪೈಪಿನಲ್ಲಿ ಫುಟ್‌ವಾಲ್ವಿನ ಹತ್ತಿರ ತೂತುಗಳು ವಿರಳವಾಗಿರಲಿ, ದೂರ ಹೋದಂತೆ ದಟ್ಟವಾಗಲಿ. ಆಗ ಸೆಳೆತ ಉದ್ದಕ್ಕೂ ಹಂಚಿಹೋಗುತ್ತದೆ.

ಹೆಜ್ಜೆ 5: ಅರಿಶಿನ ನೀರಿನ ಪರೀಕ್ಷೆ

ಅಳತೆಯ ಯಂತ್ರ ಬೇಡ. ತಿಳಿ ನೀರಿರುವ ಹೊತ್ತಿನಲ್ಲಿ, ಅರಿಶಿನ ಕಲಕಿದ ನೀರನ್ನು ಸೂಜಿಯಿಲ್ಲದ ಸಿರಿಂಜಿನಲ್ಲಿ ತುಂಬಿಕೊಳ್ಳಿ. ಪಂಪು ಓಡುತ್ತಿರುವಾಗ ಜಾಲರಿಯಿಂದ 10 ಸೆಂ.ಮೀ. ದೂರದಲ್ಲಿ ಮೆಲ್ಲನೆ ಒಂದು ಹನಿ ಬಿಡಿ. ಹಳದಿ ಬಣ್ಣದ ಆ ಮೋಡ ಜಾಲರಿ ಮುಟ್ಟಲು ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡರೆ ಸೆಳೆತ ಗುರಿಯೊಳಗಿದೆ. ಒಂದು ಸೆಕೆಂಡಿನೊಳಗೆ ಸರಕ್ಕನೆ ಎಳೆದುಕೊಂಡಿತೆಂದರೆ ಆ ಜಾಗ ಅಪಾಯಕಾರಿ. ಡಬ್ಬಿಯ ಎರಡೂ ತುದಿ, ನಡು, ಮೇಲೆ, ಕೆಳಗೆ, ಎಲ್ಲ ಕಡೆ ನೋಡಿ. ಕೈ ಇಡುವುದಕ್ಕಿಂತ ಮುಂಚೆ ಪಂಪಿನ ವಯರಿಂಗ್ ಮತ್ತು ಅರ್ತಿಂಗ್ ಸರಿಯಿದೆಯೇ ಎಂದು ಖಚಿತಪಡಿಸಿಕೊಳ್ಳಿ. ನೀರಿನೊಳಗೇ ಮೋಟಾರಿರುವ ಸಬ್‌ಮರ್ಸಿಬಲ್ ಪಂಪಾದರೆ ಓಡುತ್ತಿರುವಾಗ ನೀರಿಗಿಳಿಯಲೇಬೇಡಿ, ಸಿರಿಂಜಿಗೆ ಉದ್ದನೆಯ ಪ್ಲಾಸ್ಟಿಕ್ ನಳಿಗೆ ಸಿಕ್ಕಿಸಿ ದಡದಿಂದಲೇ ಪರೀಕ್ಷಿಸಿ.

ಬಣ್ಣ ಕಾಣದಷ್ಟು ಕಲಕು ನೀರಾದರೆ ಒಂದು ಮುಷ್ಟಿ ತೌಡನ್ನು ನೆನೆಸಿ ಬಿಡಿ. ಪಂಪು ನಿಲ್ಲಿಸದೆ ಡಬ್ಬಿಯನ್ನು ಮೇಲ್ಮೈಯ ತನಕ ಎತ್ತಿ ನೋಡಿದರೆ ತೌಡು ಎಲ್ಲಿ ದಟ್ಟವಾಗಿ ಅಂಟಿದೆಯೋ ಅಲ್ಲಿ ಸೆಳೆತ ಜೋರೆಂದು ತಿಳಿಯುತ್ತದೆ.

ಹೆಜ್ಜೆ 6: ಪಂಪು ಹಾಕುವ ಕ್ರಮ

ಡೆಲಿವರಿಯ ಗೇಟ್ ವಾಲ್ವ್ ಮುಚ್ಚಿಟ್ಟು ಪಂಪು ಹಾಕಿ, ಆಮೇಲೆ ಅರ್ಧ ನಿಮಿಷದಲ್ಲಿ ಸ್ವಲ್ಪಸ್ವಲ್ಪವಾಗಿ ತೆರೆಯಿರಿ. ಸೆಂಟ್ರಿಫ್ಯೂಗಲ್ ಪಂಪಿಗೆ ಇದು ಹೇಗೂ ಒಳ್ಳೆಯ ಅಭ್ಯಾಸ, ಮೋಟಾರಿನ ಮೇಲೆ ಭಾರ ಬೀಳುವುದಿಲ್ಲ. ಡಬ್ಬಿಯ ನೆರಳಿನಲ್ಲಿ ನಿಂತಿದ್ದ ಮೀನುಗಳಿಗೆ ದೂರ ಸರಿಯಲು ಸಮಯವೂ ಸಿಗುತ್ತದೆ. ಗೆಂಡೆಯ ಜಾತಿಯವು, ಮುಗುಡಿನ ಜಾತಿಯವು ಶಬ್ದಕ್ಕೆ ಬಹಳ ಸೂಕ್ಷ್ಮ. ಅವುಗಳ ಗಾಳಿಚೀಲದಿಂದ ಒಳಕಿವಿಗೆ ಸಣ್ಣ ಎಲುಬುಗಳ ಕೊಂಡಿಯೇ ಇದೆ. ಮೊನೊಬ್ಲಾಕ್ (ಮೋಟಾರು, ಪಂಪು ಒಂದೇ ಆಗಿರುವ) ಪಂಪಿನ ನಡುಕ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪಿನ ಮೂಲಕ ನೀರಿಗಿಳಿಯದಂತೆ ನಡುವೆ ಒಂದು ತುಂಡು ರಬ್ಬರ್ ಹೋಸ್ ಹಾಕಿದರೆ ಅಷ್ಟರಮಟ್ಟಿಗೆ ಅವುಗಳ ಅಶಾಂತಿ ತಗ್ಗುತ್ತದೆ.

ಸಾಧ್ಯವಿದ್ದಷ್ಟು ಹಗಲಿನಲ್ಲಿ ನೀರು ಹಾಕಿ. ಕತ್ತಲಲ್ಲಿ ಮೀನಿಗೆ ಜಾಲರಿ ಕಾಣುವುದಿಲ್ಲ. ಹಲವು ಜಾತಿಯ ಎಳೆಮರಿಗಳು ನೀರಿನೊಂದಿಗೆ ತೇಲಿ ಸಾಗುವುದೂ ರಾತ್ರಿಯಲ್ಲೇ. ಸೌರ ಪಂಪು ಹಾಕಿಸಿಕೊಂಡವರಿಗೆ ಈ ಪುಣ್ಯ ತಾನಾಗಿಯೇ ಬರುತ್ತದೆ. ಪಂಪಿನ ಶೆಡ್ಡಿನ ದೀಪ ನೀರಿಗೆ ಬೀಳುತ್ತಿದ್ದರೆ ತಿರುಗಿಸಿಬಿಡಿ. ಬೆಳಕಿಗೆ ಹುಳ ಬರುತ್ತದೆ, ಹುಳಕ್ಕೆ ಮೀನು ಬರುತ್ತದೆ.

ಹೆಜ್ಜೆ 7: ತೊಳೆಯುವುದು

ಅರ್ಧ ಮುಚ್ಚಿದ ಜಾಲರಿಯಲ್ಲಿ ಸೆಳೆತ ಎರಡು ಪಟ್ಟು, ಮುಕ್ಕಾಲು ಮುಚ್ಚಿದರೆ ನಾಲ್ಕು ಪಟ್ಟು. ನಾವು ಇಷ್ಟು ಕಷ್ಟಪಟ್ಟು ಇಳಿಸಿದ ವೇಗ ಪಾಚಿಯ ದೆಸೆಯಿಂದ ಮತ್ತೆ ಏರುತ್ತದೆ. ವಾರಕ್ಕೊಮ್ಮೆ ತೊಳೆಯಿರಿ, ಸೋಗೆ ಉದುರುವ ಕಾಲದಲ್ಲಿ ಇನ್ನೂ ಬೇಗ. ಪಂಪು ನಿಲ್ಲಿಸಿ ಸ್ವಲ್ಪ ಹೊತ್ತು ಕಾದು, ಅಂಟಿರುವ ಜೀವಗಳು ಬಿಡಿಸಿಕೊಂಡ ಮೇಲೆಯೇ ಡಬ್ಬಿ ಎತ್ತಬೇಕು. ತೆಂಗಿನ ಸಿಪ್ಪೆಯಿಂದ ಹೊರಗಿನಿಂದ ಉಜ್ಜಿ, ಒಳಗಿನಿಂದ ನೀರು ಹಾಯಿಸಿ. ಸಾಬೂನು, ಬ್ಲೀಚಿಂಗ್ ಪುಡಿ ಎರಡೂ ಬೇಡ. ಎರಡು ಡಬ್ಬಿಗಳಿದ್ದರೆ ಎಲ್ಲಕ್ಕಿಂತ ಸುಲಭ. ಒಂದನ್ನು ಬಿಸಿಲಿಗೆ ಒಣಗಿಸಿದರೆ ಪಾಚಿ ತಾನೇ ಉದುರುತ್ತದೆ, ಅಷ್ಟರಲ್ಲಿ ಇನ್ನೊಂದು ನೀರಿನಲ್ಲಿರುತ್ತದೆ.

ಸೋಗೆ, ಹಾಳೆ, ದೊಡ್ಡ ಕಸಕ್ಕೆ ಹರಿವಿನ ಮೇಲ್ಭಾಗದಲ್ಲಿ ಅಡಿಕೆ ಮರದ ಸಲಾಕೆಗಳ ಒಂದು ಓರೆ ಬೇಲಿ ಸಾಕು. ಅದನ್ನು ಡಬ್ಬಿಯ ಸುತ್ತ ಪೂರ್ತಿ ಮುಚ್ಚಿ ಕಟ್ಟಬೇಡಿ. ಒಳಗೆ ಬಂದ ಮೀನಿಗೆ ಹೊರಗೆ ಹೋಗಲು ತೆರೆದ ದಾರಿ ಇರಲೇಬೇಕು.

ಡಬ್ಬಿಗೆ ಅಂಟಿದ ಮೀನು ಜೀವಂತ ಸಿಕ್ಕಿದರೆ ಕೈ ಒದ್ದೆ ಮಾಡಿಕೊಂಡು ಹೊಟ್ಟೆಯ ಕೆಳಗೆ ಆಧಾರ ಕೊಟ್ಟು ಎತ್ತಿ. ಬಾಲ ಹಿಡಿದು ತೂಗಾಡಿಸುವುದು, ದೂರದಿಂದ ನೀರಿಗೆಸೆಯುವುದು ಎರಡೂ ಕ್ರೌರ್ಯವೇ. ಅದೇ ಹೊಳೆಯ ನೀರು ತುಂಬಿದ ಬಕೆಟಿನಲ್ಲಿ ನೆರಳಿಗಿಟ್ಟು, ನೆಟ್ಟಗೆ ನಿಂತು ಕಿವಿರು ಬಡಿಯತೊಡಗಿದ ಮೇಲೆ ಪಂಪಿನಿಂದ ದೂರದಲ್ಲಿ ಬಿಡಿ.

ಕಯದ ನೀರಿನ ಲೆಕ್ಕ

ಮಾರ್ಚ್, ಏಪ್ರಿಲ್‌ನಲ್ಲಿ ಹರಿವು ಕಡಿದು, ಹೊಳೆ ಅಲ್ಲಲ್ಲಿ ಕಯಗಳಾಗಿ, ಅಂದರೆ ನೀರು ನಿಂತ ಆಳದ ಗುಂಡಿಗಳಾಗಿ, ಉಳಿಯುತ್ತದೆ. ಹೊಳೆಯ ಮೀನೆಲ್ಲ ಅಲ್ಲಿಗೆ ಬಂದು ಸೇರಿರುತ್ತದೆ. ಈ ಹೊತ್ತಿನಲ್ಲಿ ಜಾಲರಿಯೊಂದರಿಂದಲೇ ಮೀನು ಉಳಿಯುವುದಿಲ್ಲ. 20 ಡಿಗ್ರಿ ಸೆಲ್ಸಿಯಸ್ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲುದು, 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ಬಿಸಿ ಏರಿದಂತೆ ಮೀನಿಗೆ ಬೇಕಾಗುವ ಆಮ್ಲಜನಕ ಮಾತ್ರ ಹೆಚ್ಚುತ್ತದೆ. ಕಯದ ಮಟ್ಟ ಇಳಿದಷ್ಟೂ ನೀರು ಬೇಗ ಬಿಸಿಯಾಗುತ್ತದೆ, ಅದೇ ಮೀನುಗಳು ಕಡಿಮೆ ನೀರಿನಲ್ಲಿ ಇಕ್ಕಟ್ಟಾಗುತ್ತವೆ. ಪಾಚಿ ರಾತ್ರಿಯಿಡೀ ಉಸಿರಾಡಿ ಆಮ್ಲಜನಕವನ್ನು ಬಳಸಿರುವುದರಿಂದ ಬೆಳಗಿನ ಜಾವವೇ ಅತ್ಯಂತ ಕಷ್ಟದ ಹೊತ್ತು.

ಆ ಹೊತ್ತಿಗೆ ಒಮ್ಮೆ ಹೋಗಿ ನೋಡಿ. ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದರೆ, ಹೆಜ್ಜೆ ಸಪ್ಪಳಕ್ಕೂ ಆಳಕ್ಕೆ ಓಡದಿದ್ದರೆ, ಅವುಗಳಿಗೆ ಉಸಿರಾಡುವುದೇ ಕಷ್ಟವಾಗಿದೆ ಎಂದರ್ಥ. ಅಂದು ಬೆಳಿಗ್ಗೆ ಪಂಪು ಹಾಕಬಾರದು. ಮುಗುಡು, ಕೊರವಗಳು ಗಾಳಿಯನ್ನೂ ಉಸಿರಾಡಬಲ್ಲವು, ಅವು ಮೇಲೆ ಬಂದು ಹೋಗುವುದು ಸಹಜ. ಸಣ್ಣ ಬೆಳ್ಳಿಮೀನುಗಳು ಬಾಯಿ ಬಿಡುತ್ತಿವೆಯೇ ಎಂದು ನೋಡಿ. ಚಂದ್ರಗಿರಿ ಹೊಳೆ ಮೈಮೇಲೆ ಕೆಂಪು ಪಟ್ಟೆ ಹೊತ್ತ, ಮಿಸ್ ಕೇರಳ ಎಂಬ ಹೆಸರಿನ ಪುಟ್ಟ ಮೀನಿನ ತವರುಗಳಲ್ಲೊಂದು. ಪಶ್ಚಿಮ ಘಟ್ಟದ ಕೆಲವೇ ಹೊಳೆಗಳಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಸಹಜವಾಗಿ ಬದುಕದ, ಅಳಿವಿನಂಚಿನಲ್ಲಿರುವ ಜಾತಿಯದು. ಇಂಥವು ಒಂದು ಬೇಸಿಗೆ ದಾಟುವುದೋ ಇಲ್ಲವೋ ಎಂಬುದು ಕಯದ ಕೊನೆಯ ಮೊಣಕಾಲಾಳದ ನೀರಿನ ಮೇಲೆ ನಿಂತಿರುತ್ತದೆ.

ಕಯದ ಬಂಡೆಗೆ ಬಣ್ಣದಿಂದ ಗೆರೆ ಎಳೆಯಿರಿ. ಆ ಗೆರೆಗಿಂತ ನೀರು ಕೆಳಗಿಳಿದರೆ ಯಾರೂ ಪಂಪು ಹಾಕಬಾರದೆಂದು ನೆರೆಹೊರೆಯವರೆಲ್ಲ ಕೂತು ಒಪ್ಪಿಕೊಳ್ಳಬೇಕು. ಒಂದೇ ಕಯಕ್ಕೆ ನಾಲ್ಕೈದು ಪಂಪುಗಳಿದ್ದರೆ ಪಾಳಿ ಹಚ್ಚಿಕೊಳ್ಳಿ. ಒಟ್ಟಿಗೆ ಓಡಿಸಿದರೆ ಸಂಜೆಯೊಳಗೆ ಮೊಳದಷ್ಟು ಇಳಿಯುವ ನೀರು ಪಾಳಿಯಲ್ಲಿ ನಿಧಾನವಾಗಿ ಇಳಿದು, ರಾತ್ರಿ ಒಸರಿನಿಂದ ಸ್ವಲ್ಪವಾದರೂ ತುಂಬಿಕೊಳ್ಳುತ್ತದೆ. ಏತಡ್ಕದ ಕಡೆ ತೋಡಿನುದ್ದಕ್ಕೂ ಸಾಲು ಕಟ್ಟಗಳನ್ನು ಒಟ್ಟಾಗಿ ಕಟ್ಟಿಕೊಂಡು ಬಂದ ನೆಲವಿದು. ನೀರು ನಿಲ್ಲಿಸಲು ಕೈಜೋಡಿಸುವವರಿಗೆ ನೀರು ಬಿಡುವುದರಲ್ಲೂ ಕೈಜೋಡಿಸುವುದು ಅಸಾಧ್ಯವಲ್ಲ.

ಎಳೆಯುವ ನೀರಿನ ಪ್ರಮಾಣವನ್ನೇ ತಗ್ಗಿಸಿದರೆ ಉಳಿದದ್ದೆಲ್ಲ ಸುಲಭ. ಅಡಿಕೆ ಮರಕ್ಕೆ ಕಡು ಬೇಸಿಗೆಯಲ್ಲಿ ಮೂರರಿಂದ ಐದು ದಿನಗಳಿಗೊಮ್ಮೆ 175 ಲೀಟರ್ ನೀರು ಎಂಬುದು ಹಳೆಯ ಶಿಫಾರಸು. ಹನಿ ನೀರಾವರಿಯಲ್ಲಿ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು. ನಾಲ್ಕು ದಿನಗಳಿಗೊಮ್ಮೆ ಹಾಕುವವರ ಲೆಕ್ಕ ಹಿಡಿದರೂ ನೀರು ಅರ್ಧಕ್ಕಿಂತ ಕಡಿಮೆಯಾಯಿತು. ಬುಡಕ್ಕೆ ಸೋಗೆ, ಸೊಪ್ಪು ಹೊದಿಸಿದರೆ ಇನ್ನೂ ಉಳಿತಾಯ.

ಹೊಳೆಯ ಕೆಳಭಾಗದವರಿಗೆ, ಮೊಗ್ರಾಲ್, ಶಿರಿಯ, ಉಪ್ಪಳದ ಅಳಿವೆಗೆ ಹತ್ತಿರದವರಿಗೆ, ಇನ್ನೊಂದು ಎಚ್ಚರಿಕೆ. ಮೇಲಿನಿಂದ ಸಿಹಿನೀರು ಬರುವುದು ಕಡಿಮೆಯಾದಷ್ಟೂ ಭರತದ ಉಪ್ಪುನೀರು ಮೇಲಕ್ಕೆ ಏರುತ್ತದೆ. ಸಿಹಿನೀರಿನ ಮೀನಿಗೆ ಅದೇ ಒಂದು ಒತ್ತಡ, ಅದರ ಮೇಲೆ ಜಾಲರಿಗೆ ತಾಗಿ ಲೋಳೆ ಕಳೆದುಕೊಂಡರೆ ತಡೆಯಲಾರದು. ನೀರನ್ನು ನಾಲಿಗೆಗೆ ಹಚ್ಚಿ ನೋಡಿದಾಗ ಉಪ್ಪೆನಿಸಿದರೆ ಪಂಪು ನಿಲ್ಲಿಸಿ, ಅಡಿಕೆಗೂ ಅದು ಒಳ್ಳೆಯದಲ್ಲ.

ಡೀಸೆಲ್, ಸೀಮೆಎಣ್ಣೆ ಪಂಪು ಇಡುವವರು ಕೆಳಗೆ ಮರಳು ತುಂಬಿದ ತಟ್ಟೆ ಇಟ್ಟು ಎಣ್ಣೆ ನೀರಿಗೆ ಹರಿಯದಂತೆ ನೋಡಿಕೊಳ್ಳಿ.

ಮಳೆ ಬರುವ ಮುನ್ನ

ಮೇ ಕೊನೆಯೊಳಗೆ ಡಬ್ಬಿಯನ್ನು ಮೇಲೆತ್ತಿ. ಮೊದಲ ನೆರೆಯಲ್ಲಿ ಕೊಚ್ಚಿಹೋದರೆ ಅದು ಹೊಳೆಯ ತಳದಲ್ಲಿ ಬಲೆಯಾಗಿ ಕೂತು ಮೀನು ಹಿಡಿಯುತ್ತಲೇ ಇರುತ್ತದೆ. ಎತ್ತುವವರೆಗೂ ನೈಲಾನ್ ಹಗ್ಗದಿಂದ ದಡದ ಮರಕ್ಕೆ ಕಟ್ಟಿಯೇ ಇರಲಿ. ಕಟ್ಟದ ಹಲಗೆಗಳನ್ನೂ ಪ್ಲಾಸ್ಟಿಕ್ ಹಾಳೆಯನ್ನೂ ಆಗಲೇ ತೆಗೆದುಬಿಡಿ. ಮುಂಗಾರಿನ ಮೊದಲ ನೀರಿಗೆ ಮೊಟ್ಟೆಯಿಡಲು ಮೀನು ತೋಡು, ಗದ್ದೆಗಳ ಕಡೆಗೆ ಹತ್ತುತ್ತದೆ. ಮಣ್ಣಿನಲ್ಲಿ ಅರ್ಧ ಹೂತ ಪ್ಲಾಸ್ಟಿಕ್ ಹಾಳೆ ಅದಕ್ಕೆ ಗೋಡೆಯಾಗುತ್ತದೆ, ಗೋಡೆಯ ಕೆಳಗೆ ಗುಂಪುಗೂಡಿದ ಮೀನು ಹಿಡಿಯುವವರ ಕೈಗೆ ಸಿಗುತ್ತದೆ. ಹೀಗೆ ಹತ್ತುವ ಮೀನನ್ನು ಹಿಡಿಯುವುದು 2010ರ ಕೇರಳ ಒಳನಾಡು ಮೀನುಗಾರಿಕೆ ಕಾಯಿದೆಯ ಪ್ರಕಾರ ಅಪರಾಧ.

ಡಬ್ಬಿಯನ್ನು ತೊಳೆದು, ಒಣಗಿಸಿ, ಅಟ್ಟದಲ್ಲಿ ತೂಗುಹಾಕಿ. ಡಿಸೆಂಬರಿನಲ್ಲಿ ಇಳಿಸುವ ಮುಂಚೆ ಬೆಳಕಿಗೆ ಹಿಡಿದು ಜಾಲರಿ ಎಲ್ಲಾದರೂ ಹರಿದಿದೆಯೇ, ಮುಚ್ಚಳದ ರಬ್ಬರ್ ಬಿರಿದಿದೆಯೇ ಎಂದು ನೋಡಿ. ಹೆಬ್ಬೆರಳು ತೂರುವಷ್ಟು ಹರಿದಿದ್ದರೂ ನೀರಿಗಿಳಿಸುವ ಮೊದಲು ಹೊಸ ತುಂಡು ಹಾಕಿ ಹೊಲಿಯಿರಿ.